ಹೊಗೆಯನ್ನು ಬಿಡಿಸಿ ನೋಡುವುದು: ಪೀಟೆಡ್ ಸಿಂಗಲ್ ಮಾಲ್ಟ್ ಸವಿಯುವ ಕ್ರಮ

ಪೀಟೆಡ್ ಸಿಂಗಲ್ ಮಾಲ್ಟನ್ನು, ಅಂದರೆ ಜೌಗು ನೆಲದಿಂದ ತೆಗೆದ ಪೀಟ್ ಎಂಬ ಇಂಧನದ ಹೊಗೆ ಹಿಡಿಸಿದ ವಿಸ್ಕಿಯನ್ನು, ಮೊದಲ ಸಲ ಮೂಸಿದವರು ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ‘ಬರೀ ಹೊಗೆ’ ಅನ್ನುತ್ತಾರೆ, ಇಲ್ಲವೇ ‘ಆಸ್ಪತ್ರೆ ವಾಸನೆ’ ಅನ್ನುತ್ತಾರೆ. ಎರಡೂ ನಿಜವೇ. ಆದರೆ ಅಲ್ಲಿಗೇ ನಿಂತುಬಿಟ್ಟರೆ ಗ್ಲಾಸಿನಲ್ಲಿರುವ ಜಾಸ್ತಿ ಪಾಲು ಕೈತಪ್ಪಿ ಹೋಗುತ್ತದೆ. ಹೊಗೆ ಅಂದರೆ ಒಂದೇ ರುಚಿಯಲ್ಲ. ಉರಿಯುವ ಕಟ್ಟಿಗೆಯ ಹೊಗೆ ಬೇರೆ, ಆರಿದ ಬೂದಿ ಬೇರೆ, ಡಾಂಬರು ಬೇರೆ, ಗಾಯಕ್ಕೆ ಹಚ್ಚುವ ಟಿಂಕ್ಚರ್ ಬೇರೆ. ಇವನ್ನು ಒಂದೊಂದಾಗಿ ಬಿಡಿಸಿ ಗುರುತಿಸಲು ಕಲಿತರೆ, ಹೊಗೆಯ ಹಿಂದಿರುವ ಹಣ್ಣು, ಜೇನು, ನಿಂಬೆ ಕೂಡ ತಾವಾಗಿಯೇ ಮುಂದೆ ಬರುತ್ತವೆ. ಅದಕ್ಕೆ ವಿಶೇಷ ಮೂಗು ಏನೂ ಬೇಡ. ತಾಳ್ಮೆ ಬೇಕು, ಕ್ರಮ ಬೇಕು.

ಮೊದಲು, ಹೊಗೆ ಎಲ್ಲಿ ಸೇರುತ್ತದೆ ಅಂತ ತಿಳಿದುಕೊಳ್ಳಿ

ಸ್ಕಾಚ್ ಸಿಂಗಲ್ ಮಾಲ್ಟ್ ಅಂದರೆ ಸ್ಕಾಟ್ಲೆಂಡಿನ ಒಂದೇ ಡಿಸ್ಟಿಲರಿಯಲ್ಲಿ, ಮೊಳಕೆ ಬರಿಸಿದ ಬಾರ್ಲಿಯಿಂದ (ಇದೇ ಮಾಲ್ಟ್) ಮಾತ್ರ, ತಾಮ್ರದ ಪಾತ್ರೆಗಳಲ್ಲಿ ಬಟ್ಟಿ ಇಳಿಸಿ, ಓಕ್ ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಇಟ್ಟ ವಿಸ್ಕಿ. ಇದರಲ್ಲಿ ಹೊಗೆ ಸೇರುವುದು ತೀರಾ ಮೊದಲ ಹಂತದಲ್ಲೇ.

ಬಾರ್ಲಿಯನ್ನು ನೆನೆಹಾಕಿ, ಕೆಲವು ದಿನ ಹರಡಿ ಮೊಳಕೆ ಬರಿಸುತ್ತಾರೆ. ಮೊಳಕೆ ತೀರಾ ಉದ್ದ ಬೆಳೆಯುವ ಮೊದಲು ಒಣಗಿಸಿ ನಿಲ್ಲಿಸಬೇಕು. ಒಣಗಿಸುವ ಗೂಡಿನ ಕೆಳಗೆ ಪೀಟ್ ಸುಟ್ಟರೆ, ಅದರ ಹೊಗೆ ತೂತುಗಳ ನೆಲದ ಮೂಲಕ ಮೇಲೇರಿ ಕಾಳಿನ ರಾಶಿಯನ್ನು ಹಾದುಹೋಗುತ್ತದೆ. ಇಲ್ಲಿ ಒಂದು ಸೂಕ್ಷ್ಮವಿದೆ. ಕಾಳು ಒದ್ದೆ ಇರುವಾಗ ಮಾತ್ರ ಹೊಗೆ ಚೆನ್ನಾಗಿ ಹಿಡಿಯುತ್ತದೆ. ಹಾಗಾಗಿ ಗೂಡು ನೋಡಿಕೊಳ್ಳುವವರು ಬೆಂಕಿಯನ್ನು ಧಗಧಗ ಉರಿಯಲು ಬಿಡುವುದಿಲ್ಲ. ಪೀಟ್ ಸಣ್ಣಗೆ ಹೊಗೆಯಾಡುತ್ತಿರಬೇಕು, ಶಾಖ ಕಡಿಮೆ ಇರಬೇಕು, ದಟ್ಟ ನೀಲಿ ಹೊಗೆ ಗಂಟೆಗಟ್ಟಲೆ ಕಾಳಿನ ನಡುವೆ ಸುಳಿಯುತ್ತಿರಬೇಕು. ಸಿಪ್ಪೆ ಒಣಗಿದ ಮೇಲೆ ಹೊಗೆ ಹಾಕಿ ಅಷ್ಟು ಪ್ರಯೋಜನವಿಲ್ಲ, ಉಳಿದದ್ದನ್ನು ಬಿಸಿಗಾಳಿಯಿಂದ ಒಣಗಿಸುತ್ತಾರೆ. ಬೋಮೋರ್, ಲಫ್ರೋಯ್ಗ್, ಸ್ಪ್ರಿಂಗ್‌ಬ್ಯಾಂಕ್‌ನಂಥ ಕೆಲವೇ ಡಿಸ್ಟಿಲರಿಗಳು ಈಗಲೂ ಈ ಕೆಲಸವನ್ನು, ಪೂರ್ತಿಯೋ ಒಂದು ಪಾಲೋ, ತಮ್ಮ ಅಂಗಳದಲ್ಲೇ ಮಾಡುತ್ತವೆ. ಉಳಿದವು ಬಾರ್ಲಿಗೆ ಮೊಳಕೆ ಬರಿಸಿ ಒಣಗಿಸಿಕೊಡುವ ದೊಡ್ಡ ಮಾಲ್ಟಿಂಗ್ ಘಟಕಗಳಿಂದ ತರಿಸಿಕೊಳ್ಳುತ್ತವೆ.

ಪೀಟ್ ಅಂದರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರೆಬರೆ ಕೊಳೆತು ಒತ್ತಾಗಿ ಕೂತ ಪಾಚಿ, ಹುಲ್ಲು, ಬೇರು, ಪೊದೆ. ವರ್ಷಕ್ಕೆ ಸುಮಾರು 1 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಮರ ಕಡಿಮೆ ಇರುವ ಸ್ಕಾಟ್ಲೆಂಡಿನ ದ್ವೀಪಗಳಲ್ಲಿ ಒಲೆ ಉರಿಸಲು ಕೈಗೆ ಸಿಗುತ್ತಿದ್ದದ್ದು ಇದೇ. ಅಂದು ಬೇರೆ ದಾರಿಯಿಲ್ಲದೆ ಸುಟ್ಟದ್ದನ್ನು ಇಂದು ರುಚಿಗಾಗಿಯೇ ಸುಡುತ್ತಾರೆ.

ಡಿಸ್ಟಿಲರಿಯ ನೀರು ಪೀಟ್ ನೆಲದ ಮೇಲೆ ಹರಿದು ಬರುವುದರಿಂದ ವಿಸ್ಕಿಗೆ ಹೊಗೆ ಬರುತ್ತದೆ ಅಂತ ಹೇಳುವವರಿದ್ದಾರೆ. ಅದನ್ನು ನಂಬಬೇಡಿ. ನೀರಿನಲ್ಲಿರುವ ಪೀಟ್ ಸುಟ್ಟದ್ದಲ್ಲ. ಹೊಗೆ ಬರಬೇಕಾದರೆ ಬೆಂಕಿ ಬೇಕು.

ಪಿಪಿಎಂ ಅಂಕಿ ನೋಡಿ ಬಾಟಲಿ ಆರಿಸಬೇಡಿ

ಹೊಗೆಯ ರುಚಿ ಕೊಡುವ ರಾಸಾಯನಿಕಗಳನ್ನು ಒಟ್ಟಾಗಿ ಫೀನಾಲ್‌ಗಳು ಅನ್ನುತ್ತಾರೆ. ಇವನ್ನು ಅಳೆಯುವುದು ಪಿಪಿಎಂನಲ್ಲಿ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ಬೋಮೋರ್‌ಗೆ ಸುಮಾರು 25, ಲಗವೂಲಿನ್‌ಗೆ 35ರ ಆಸುಪಾಸು, ಲಫ್ರೋಯ್ಗ್‌ಗೆ 40ರಿಂದ 45, ಆರ್ಡ್‌ಬೆಗ್‌ಗೆ 50ಕ್ಕಿಂತ ಜಾಸ್ತಿ. ಬ್ರುಕ್‌ಲ್ಯಾಡಿ ಡಿಸ್ಟಿಲರಿಯ ಆಕ್ಟೋಮೋರ್ ಸಾಲಿನಲ್ಲಿ 300 ದಾಟಿದ ಬಾಟಲಿಯೂ ಬಂದಿದೆ.

ಆದರೆ ಈ ಅಂಕಿ ಗ್ಲಾಸಿನಲ್ಲಿರುವ ವಿಸ್ಕಿಯದ್ದಲ್ಲ. ಬಾರ್ಲಿಯದ್ದು. ಕಾಳು ಅರೆದು, ಬಿಸಿನೀರಿನಲ್ಲಿ ಕಲಸಿ, ಹುದುಗಿಸಿ, ಎರಡು ಸಲ ಬಟ್ಟಿ ಇಳಿಸುವಷ್ಟರಲ್ಲಿ ಫೀನಾಲ್‌ನ ದೊಡ್ಡ ಪಾಲು ಹೋಗಿರುತ್ತದೆ. ಎಷ್ಟು ಉಳಿಯುತ್ತದೆ ಅನ್ನುವುದು ಬಟ್ಟಿ ಇಳಿಸುವವರ ಕೈಯಲ್ಲಿದೆ. ಬಟ್ಟಿಯಿಂದ ಮೊದಲು ಬರುವ ಪಾಲನ್ನೂ ಕೊನೆಗೆ ಬರುವ ಪಾಲನ್ನೂ ಬೇರೆ ತೆಗೆದು, ನಡುವಿನದನ್ನು ಮಾತ್ರ ಪೀಪಾಯಿಗೆ ಹಾಕುತ್ತಾರೆ. ಹೊಗೆಯ ಅಂಶಗಳು ತಡವಾಗಿ, ಕೊನೆಯ ಕಡೆಗೆ ಜಾಸ್ತಿ ಬರುತ್ತವೆ. ನಡುಪಾಲನ್ನು ಬೇಗ ನಿಲ್ಲಿಸಿದರೆ ಹಗುರ, ಶುಭ್ರ ಹೊಗೆ. ಇನ್ನಷ್ಟು ಹೊತ್ತು ಬಿಟ್ಟರೆ ಡಾಂಬರಿನ, ಎಣ್ಣೆಯ ಭಾರ. ಪೀಪಾಯಿಯಲ್ಲಿ ವರ್ಷ ಕಳೆದಂತೆ ಹೊಗೆ ಇನ್ನೂ ಮೆತ್ತಗಾಗುತ್ತದೆ. ಒಂದೇ ಡಿಸ್ಟಿಲರಿಯ 5 ವರ್ಷದ ವಿಸ್ಕಿ 25 ವರ್ಷದ್ದಕ್ಕಿಂತ ಜಾಸ್ತಿ ಹೊಗೆಯಾಗಿರುವುದು ಇದೇ ಕಾರಣಕ್ಕೆ.

ಇದನ್ನೆಲ್ಲ ಕಣ್ಣಾರೆ ಅಲ್ಲದಿದ್ದರೂ ಮೂಗಾರೆ ಪರೀಕ್ಷೆ ಮಾಡಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಮೇಜು ಸಿದ್ಧ ಮಾಡಿಕೊಳ್ಳಿ

ಗ್ಲಾಸ್ ಮುಖ್ಯ. ಹೊಟ್ಟೆ ಅಗಲ, ಬಾಯಿ ಕಿರಿದಾಗಿರುವ ಗ್ಲಾಸ್ ತೆಗೆದುಕೊಳ್ಳಿ. ಗ್ಲೆನ್‌ಕೇರ್ನ್ ಗ್ಲಾಸ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಸಣ್ಣ ವೈನ್ ಗ್ಲಾಸ್ ಸಾಕು. ಅಗಲ ಬಾಯಿಯ ಲೋಟದಲ್ಲಿ ವಾಸನೆ ನಿಲ್ಲುವುದಿಲ್ಲ. ಗ್ಲಾಸನ್ನು ಸೋಪಿನ ವಾಸನೆ ಪೂರ್ತಿ ಹೋಗುವಂತೆ ತೊಳೆದು, ಗಾಳಿಗೆ ಒಣಗಿಸಿ. ಪಕ್ಕದಲ್ಲಿ ಕುಡಿಯುವ ನೀರು, ಒಂದು ಸಣ್ಣ ಚಮಚ, ಪೆನ್ನು, ಹಾಳೆ ಇರಲಿ. ಊದುಬತ್ತಿ, ಸೆಂಟು, ಅಡುಗೆಮನೆಯ ಒಗ್ಗರಣೆ ಹತ್ತಿರ ಬೇಡ. ಐಸ್ ಬೇಡವೇ ಬೇಡ. ತಣ್ಣಗಾದಷ್ಟೂ ವಾಸನೆ ಮುಚ್ಚಿಕೊಳ್ಳುತ್ತದೆ.

ಒಂದು ಗ್ಲಾಸಿಗೆ 15ರಿಂದ 20 ಮಿಲಿಲೀಟರ್ ಸಾಕು. ಒಂದೇ ಕೂರುವಿಕೆಗೆ ಎರಡು, ಹೆಚ್ಚೆಂದರೆ ಮೂರು ವಿಸ್ಕಿ. ಅದಕ್ಕಿಂತ ಜಾಸ್ತಿ ಆದರೆ ಕುಡಿದಂತಾಗುತ್ತದೆಯೇ ಹೊರತು ಕಲಿತಂತಾಗುವುದಿಲ್ಲ. ಉಗುಳುವುದಕ್ಕೆ ಒಂದು ಬಟ್ಟಲು ಇಟ್ಟುಕೊಳ್ಳಿ, ವೃತ್ತಿಯಲ್ಲಿರುವವರೂ ಹಾಗೇ ಮಾಡುತ್ತಾರೆ. ಆಮೇಲೆ ಗಾಡಿ ಓಡಿಸುವ ಕೆಲಸ ಇಟ್ಟುಕೊಳ್ಳಬೇಡಿ.

ಕ್ರಮ ಯಾವಾಗಲೂ ಹೊಗೆ ಕಡಿಮೆ ಇರುವುದರಿಂದ ಜಾಸ್ತಿ ಇರುವುದರ ಕಡೆಗೆ. ಉಲ್ಟಾ ಮಾಡಿದರೆ ಎರಡನೆಯದರ ರುಚಿ ಸಿಗುವುದೇ ಇಲ್ಲ.

ಮೂಗಿಗೆ ಸಮಯ ಕೊಡಿ

ಸುರಿದ ತಕ್ಷಣ ಮೂಸಬೇಡಿ, ಐದು ಹತ್ತು ನಿಮಿಷ ಹಾಗೇ ಬಿಡಿ. ಆಮೇಲೆ ಗ್ಲಾಸನ್ನು ಗಲ್ಲದ ಹತ್ತಿರ ಹಿಡಿದು, ಬಾಯಿ ಸ್ವಲ್ಪ ತೆರೆದು, ನಿಧಾನವಾಗಿ ಮೇಲೆ ತನ್ನಿ. ಮೂಗನ್ನು ಗ್ಲಾಸಿನೊಳಗೆ ತೂರಿಸಿ ಜೋರಾಗಿ ಎಳೆದರೆ ಆಲ್ಕೋಹಾಲ್ ಘಾಟು ಹೊಡೆದು ಮೂಗು ಮರಗಟ್ಟುತ್ತದೆ, ಅಷ್ಟೇ.

ಮೊದಲ ಸುತ್ತಿನಲ್ಲಿ ಹೊಗೆ ಮಾತ್ರ ಸಿಗುತ್ತದೆ. ಸಿಗಲಿ. ಗ್ಲಾಸ್ ಕೆಳಗಿಟ್ಟು ಒಂದು ನಿಮಿಷ ಬಿಟ್ಟು ಮತ್ತೆ ಮೂಸಿ. ಮತ್ತೆ ಇಡಿ, ಮತ್ತೆ ಮೂಸಿ. ಒಂದೇ ವಾಸನೆ ಪದೇ ಪದೇ ಬಂದಾಗ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಸಾಮಾನ್ಯವಾಗಿ ಇದು ತೊಂದರೆ, ಆದರೆ ಇಲ್ಲಿ ಅದೇ ನಮ್ಮ ಸಹಾಯಕ್ಕೆ ಬರುತ್ತದೆ. ಹೊಗೆಗೆ ಮೂಗು ಒಗ್ಗಿದ ಮೇಲೆ ಅದರ ಅಡಿಯಲ್ಲಿದ್ದ ನಿಂಬೆ ಸಿಪ್ಪೆ, ಪೇರು ಹಣ್ಣು, ವೆನಿಲ್ಲಾ, ಬಾರ್ಲಿಯ ಸಿಹಿ ಒಂದೊಂದೇ ಹೊರಗೆ ಬರುತ್ತವೆ. ನನ್ನ ಪ್ರಕಾರ ಪೀಟೆಡ್ ವಿಸ್ಕಿಯ ಅತಿ ದೊಡ್ಡ ಖುಷಿ ಇದೇ. ಆತುರ ಪಟ್ಟವರಿಗೆ ಇದು ಸಿಗುವುದಿಲ್ಲ.

ಈಗ ಹೊಗೆಯನ್ನೇ ಬಿಡಿಸೋಣ. ‘ಹೊಗೆ ಇದೆಯಾ’ ಅಂತ ಕೇಳಿಕೊಳ್ಳಬೇಡಿ, ‘ಯಾವ ಹೊಗೆ’ ಅಂತ ಕೇಳಿಕೊಳ್ಳಿ.

ಒಂದು, ಕಟ್ಟಿಗೆಯ ಹೊಗೆ. ಹೊರಗೆ ಹಾಕಿದ ಬೆಂಕಿ, ಕೆಂಡ, ಹೊಗೆಯಲ್ಲಿ ಒಣಗಿಸಿದ ಮಾಂಸ ನೆನಪಾದರೆ ಅದರ ಹಿಂದೆ ಇರುವುದು ಗ್ವಾಯಕಾಲ್ ಎಂಬ ಫೀನಾಲ್. ಇದರಲ್ಲಿ ಒಂದು ಬೆಚ್ಚಗಿನ ಸಿಹಿ ಇರುತ್ತದೆ. ಹೊಸಬರಿಗೆ ಬೇಗ ಹಿಡಿಸುವುದು ಇದೇ. ಪೀಪಾಯಿಯ ಒಳಮೈ ಸುಡುವುದರಿಂದಲೂ ಸ್ವಲ್ಪ ಗ್ವಾಯಕಾಲ್ ಬರುತ್ತದೆ, ಹಾಗಾಗಿ ಪೀಟ್ ಇಲ್ಲದ ವಿಸ್ಕಿಯಲ್ಲೂ ಕೆಲವೊಮ್ಮೆ ಸಣ್ಣ ಹೊಗೆ ಸುಳಿಯುವುದುಂಟು.

ಎರಡು, ಔಷಧಿ. ಟಿಂಕ್ಚರ್, ಬ್ಯಾಂಡೇಜ್, ಹಳೆಯ ಔಷಧಿ ಡಬ್ಬಿ, ಬಿಸಿ ಡಾಂಬರು. ಇದು ಕ್ರೆಸಾಲ್ ಮತ್ತು (ಇಡೀ ಗುಂಪಿಗೆ ಹೆಸರು ಕೊಟ್ಟ) ಫೀನಾಲ್‌ನ ಕೆಲಸ. ಕ್ರೆಸಾಲ್ ಹಳೆಯ ಕಾಲದ ಕ್ರಿಮಿನಾಶಕ ದ್ರಾವಣಗಳಲ್ಲಿ ಇರುತ್ತಿತ್ತು. ಹಾಗಾಗಿ ಆಸ್ಪತ್ರೆ ವಾಸನೆ ಅನ್ನುವುದು ಬರೀ ಕಲ್ಪನೆಯಲ್ಲ, ಮೂಗು ಸರಿಯಾಗಿಯೇ ಗುರುತಿಸಿರುತ್ತದೆ. ಲಫ್ರೋಯ್ಗ್‌ನ ಗುರುತೇ ಇದು. ಮೊದಲಿಗೆ ದೂರ ತಳ್ಳಿದವರೇ ಆಮೇಲೆ ಇದನ್ನು ಹುಡುಕಿಕೊಂಡು ಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ.

ಮೂರು, ಕಡಲು. ದಡಕ್ಕೆ ಬಿದ್ದು ಒಣಗಿದ ಸಮುದ್ರ ಪಾಚಿ, ಉಪ್ಪುಗಾಳಿ, ದೋಣಿಯ ಹಗ್ಗ, ಹೊಗೆ ಹಾಕಿದ ಮೀನು. ಕೌಲ್ ಈಲಾ, ಟ್ಯಾಲಿಸ್ಕರ್‌ಗಳಲ್ಲಿ ಹುಡುಕಿ.

ನಾಲ್ಕು, ಬೂದಿ ಮತ್ತು ಮಸಿ. ಇದು ಮೂಗಿಗಿಂತ ಬಾಯಿಯಲ್ಲಿ ಜಾಸ್ತಿ, ಅದೂ ಕೊನೆಯಲ್ಲಿ. ಒಣ, ಒಗರು. ಆರ್ಡ್‌ಬೆಗ್‌ನಲ್ಲಿ ನಿಂಬೆಯ ಜೊತೆಗೇ ಈ ಮಸಿ ಬರುತ್ತದೆ.

ಐದು, ಮಣ್ಣು. ಒದ್ದೆ ನೆಲ, ಬೇರು, ಒಣ ಎಲೆ, ಹುಲ್ಲು. ಕ್ಯಾಂಪ್‌ಬೆಲ್‌ಟೌನ್‌ನ ಸ್ಪ್ರಿಂಗ್‌ಬ್ಯಾಂಕ್‌ನಲ್ಲಿ ಹೊಗೆ ಕಡಿಮೆ, ಮಣ್ಣಿನ ಗುಣ ಜಾಸ್ತಿ. ಅದೇ ಡಿಸ್ಟಿಲರಿಯ ಲಾಂಗ್‌ರೋದಲ್ಲಿ ಪೀಟ್ ದಟ್ಟ. ಉತ್ತರದ ಆರ್ಕ್ನಿ ದ್ವೀಪದ ಹೈಲ್ಯಾಂಡ್ ಪಾರ್ಕ್ ಇನ್ನೊಂದು ಬಗೆ. ಅಲ್ಲಿ ಗಾಳಿಯ ಹೊಡೆತಕ್ಕೆ ಮರಗಳು ನಿಲ್ಲುವುದೇ ಕಷ್ಟ. ಪೀಟ್‌ನಲ್ಲಿ ಹೆದರ್ ಎಂಬ ಕುರುಚಲು ಹೂಗಿಡವೇ ತುಂಬಿರುತ್ತದೆ. ಅದರ ಹೊಗೆಯಲ್ಲಿ ಜೇನಿನ, ಒಣಹೂವಿನ ಎಳೆ ಇದೆ, ಆಸ್ಪತ್ರೆಯ ಸುಳಿವೇ ಇಲ್ಲ. ಪೀಟ್ ಬೆಳೆದ ನೆಲ ಬೇರೆ ಆದರೆ ಹೊಗೆಯೂ ಬೇರೆ.

ಒಂದೇ ವಿಸ್ಕಿಯಲ್ಲಿ ಎರಡು ಮೂರು ಬಗೆ ಬೆರೆತಿರುತ್ತವೆ. ಯಾವುದು ಮುಂದಿದೆ, ಯಾವುದು ಹಿಂದಿದೆ ಅಂತ ಬರೆದುಕೊಳ್ಳಿ. ಬೇರೆಯವರು ಬರೆದ ಟಿಪ್ಪಣಿಯನ್ನು ಮೊದಲೇ ಓದಬೇಡಿ. ಓದಿದರೆ ಅವರು ಹೇಳಿದ್ದೇ ನಿಮ್ಮ ಮೂಗಿಗೂ ಬರತೊಡಗುತ್ತದೆ.

ಗುಟುಕು

ಮೊದಲ ಗುಟುಕು ಬಾಯಿಯನ್ನು ಒಗ್ಗಿಸುವುದಕ್ಕೆ ಮಾತ್ರ. ಅದರ ಮೇಲೆ ತೀರ್ಪು ಕೊಡಬೇಡಿ. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹರಡಿ, ಹತ್ತು ಸೆಕೆಂಡಾದರೂ ಹಿಡಿದುಕೊಳ್ಳಿ. ಮೊದಲು ಬಾರ್ಲಿಯ ಸಿಹಿ, ಆಮೇಲೆ ಖಾರ, ಆಮೇಲೆ ಹೊಗೆ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ನಿಧಾನವಾಗಿ ಉಸಿರು ಬಿಡಿ. ಹೊಗೆಯನ್ನು ಹಿಡಿಯುವುದು ನಾಲಿಗೆಯಲ್ಲ, ಗಂಟಲಿನ ಹಿಂದಿನಿಂದ ಮೂಗಿಗೆ ಹೋಗುವ ಉಸಿರು. ಈ ಒಂದು ಅಭ್ಯಾಸ ಮಾಡಿಕೊಂಡರೆ ರುಚಿ ಎರಡು ಪಟ್ಟು ತೆರೆದುಕೊಳ್ಳುತ್ತದೆ.

ನುಂಗಿದ ಮೇಲೆ ಎಷ್ಟು ಹೊತ್ತು ಉಳಿಯುತ್ತದೆ, ಏನಾಗಿ ಉಳಿಯುತ್ತದೆ ನೋಡಿ. ಸಿಹಿ ಮೊದಲು ಹೋಗಿ ಬೂದಿ ಉಳಿದರೆ ಒಂದು ಬಗೆ, ಹೊಗೆ ಕರಗಿ ಉಪ್ಪು ಸಿಹಿ ಉಳಿದರೆ ಇನ್ನೊಂದು. ಉಪ್ಪು ಅಂದೆ, ಅಲ್ವಾ? ಬಟ್ಟಿ ಇಳಿಸುವಾಗ ಉಪ್ಪು ಆವಿಯಾಗಿ ಮೇಲೇರುವುದಿಲ್ಲ. ಬಾಯಿಗೆ ಬರುವುದು ಉಪ್ಪಿನ ಅನಿಸಿಕೆ. ಅನಿಸಿಕೆಯಾದರೂ ಬರೆದುಕೊಳ್ಳಿ, ರುಚಿ ನೋಡುವಾಗ ಅದಕ್ಕೂ ಬೆಲೆಯಿದೆ.

ನೀರು ಹಾಕಿ, ಆದರೆ ಹನಿ ಹನಿಯಾಗಿ

ನೀರು ಹಾಕುವುದು ತಪ್ಪು ಅನ್ನುವ ಮಾತಿಗೆ ಕಿವಿ ಕೊಡಬೇಡಿ. ಹೊಗೆಯ ವಿಸ್ಕಿಗೆ ನೀರಿನಿಂದ ಲಾಭವೇ ಇದೆ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಬ್ಯೋರ್ನ್ ಕಾರ್ಲ್‌ಸನ್ ಮತ್ತು ರಾನ್ ಫ್ರೀಡ್‌ಮನ್ ಕಂಪ್ಯೂಟರ್ ಲೆಕ್ಕಾಚಾರದಿಂದ ಇದನ್ನು ಪರಿಶೀಲಿಸಿದರು. ಅವರು ಆರಿಸಿಕೊಂಡದ್ದು ನಾವು ಮೇಲೆ ನೋಡಿದ ಅದೇ ಗ್ವಾಯಕಾಲ್. ಆಲ್ಕೋಹಾಲ್ ಶೇಕಡ 45ರವರೆಗೆ ಇರುವಾಗ ಗ್ವಾಯಕಾಲ್ ದ್ರವದ ಮೇಲ್ಮೈ ಹತ್ತಿರ ಸೇರುತ್ತದೆ, ಅಂದರೆ ಮೂಗಿಗೆ ಸುಲಭವಾಗಿ ಸಿಗುತ್ತದೆ. ಶೇಕಡ 59ಕ್ಕಿಂತ ಜಾಸ್ತಿ ಇದ್ದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಗೇ ಇಟ್ಟುಕೊಳ್ಳುತ್ತದೆ ಅಂತ ಅವರ ಲೆಕ್ಕ ತೋರಿಸಿತು.

ಮಾಡುವುದು ಹೀಗೆ. ಶೇಕಡ 46ರ ವಿಸ್ಕಿ 20 ಮಿಲಿಲೀಟರ್ ಇದ್ದರೆ, 3 ಮಿಲಿಲೀಟರ್ ನೀರಿಗೆ ಅದು 40ಕ್ಕೆ ಇಳಿಯುತ್ತದೆ. ಚಮಚದಲ್ಲಿ ಮೊದಲು ಕೆಲವೇ ಹನಿ ಬಿಡಿ. ಬೆಳಕಿಗೆ ಹಿಡಿದು ನೋಡಿದರೆ ನೀರು ಎಣ್ಣೆಯಂತೆ ಎಳೆ ಎಳೆಯಾಗಿ ಸುತ್ತಿಕೊಂಡು ಕರಗುವುದು ಕಾಣುತ್ತದೆ. ಒಂದು ನಿಮಿಷ ಬಿಟ್ಟು ಮೂಸಿ. ಟಿಂಕ್ಚರ್ ಸ್ವಲ್ಪ ಹಿಂದೆ ಸರಿದು ಕಟ್ಟಿಗೆ ಹೊಗೆ, ಹಣ್ಣು ಮುಂದೆ ಬಂದಿರುತ್ತವೆ. ಇನ್ನೂ ನಾಲ್ಕು ಹನಿ ಹಾಕಿ, ಮತ್ತೆ ಮೂಸಿ. ಯಾವ ಹಂತದಲ್ಲಿ ರುಚಿ ಸಪ್ಪೆಯಾಯಿತೋ ಅದಕ್ಕಿಂತ ಒಂದು ಹೆಜ್ಜೆ ಹಿಂದಿನದೇ ಆ ವಿಸ್ಕಿಗೆ ನಿಮ್ಮ ಅಳತೆ. ಬರೆದಿಡಿ. ಶೇಕಡ 40ಕ್ಕೇ ಬಾಟಲಿಗೆ ತುಂಬಿರುವುದಕ್ಕೆ ಜಾಸ್ತಿ ನೀರು ತಡೆಯುವುದಿಲ್ಲ. 55, 60ರ ಬಾಟಲಿಗಳಿಗೆ ಧೈರ್ಯವಾಗಿ ಹಾಕಬಹುದು.

ಯಾವುದರಿಂದ ಶುರು ಮಾಡಬೇಕು

ಪೂರ್ತಿ ಹೊಸಬರಾದರೆ ಹೈಲ್ಯಾಂಡ್ ಪಾರ್ಕ್ 12 ಅಥವಾ ಬೋಮೋರ್ 12 (ಹೆಸರಿನ ಮುಂದಿನ ಅಂಕಿ ವಿಸ್ಕಿ ಪೀಪಾಯಿಯಲ್ಲಿ ಕಳೆದ ವರ್ಷಗಳದ್ದು). ಎರಡರಲ್ಲೂ ಹೊಗೆ ಇದೆ, ಆದರೆ ಅದು ಉಳಿದ ರುಚಿಗಳ ಜೊತೆ ಸಮನಾಗಿ ಕೂತಿದೆ. ಬೋಮೋರ್ 1779ರಿಂದ ಐಲಾ ದ್ವೀಪದಲ್ಲಿದೆ. ಆ ದ್ವೀಪದ ಹೊಗೆ ಹೇಗಿರುತ್ತದೆ ಅಂತ ಮೆಲ್ಲಗೆ ಪರಿಚಯ ಮಾಡಿಕೊಡುವುದಕ್ಕೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಮುಂದಿನದು ಟ್ಯಾಲಿಸ್ಕರ್ 10. ಸ್ಕೈ ದ್ವೀಪದ್ದು, ಶೇಕಡ 45.8ರ ಶಕ್ತಿ. ಹೊಗೆಯ ಬೆನ್ನಿಗೇ ಕರಿಮೆಣಸಿನ ಖಾರ ಬಂದು ಗಂಟಲಲ್ಲಿ ಕೂರುತ್ತದೆ.

ಈಗ, ನಾನು ಎಲ್ಲರಿಗೂ ಮಾಡಿ ಅಂತ ಒತ್ತಾಯಿಸುವ ಒಂದು ಪ್ರಯೋಗ. ಕೌಲ್ ಈಲಾ 12 ಮತ್ತು ಲಗವೂಲಿನ್ 16 ಎರಡನ್ನೂ ಅಕ್ಕಪಕ್ಕ ಇಟ್ಟುಕೊಳ್ಳಿ. ಎರಡೂ ಐಲಾ ದ್ವೀಪದವು, ಎರಡೂ ಒಂದೇ ಕಂಪನಿಯ ಕೈಯಲ್ಲಿವೆ, ಎರಡಕ್ಕೂ ಪೋರ್ಟ್ ಎಲೆನ್‌ನ ಮಾಲ್ಟಿಂಗ್ ಘಟಕದಿಂದ ಸುಮಾರು 35 ಪಿಪಿಎಂ ಮಾಲ್ಟ್ ಬರುತ್ತದೆ. ಎರಡೂ ಶೇಕಡ 43. ಕಾಗದದ ಮೇಲೆ ನೋಡಿದರೆ ಹೊಗೆ ಒಂದೇ ಇರಬೇಕು. ಮೂಸಿ ನೋಡಿ. ಕೌಲ್ ಈಲಾದಲ್ಲಿ ಹೊಗೆ ತೆಳು, ಶುಭ್ರ. ನಿಂಬೆ, ಹಸಿರು ಸೇಬು, ಕಡಲ ಗಾಳಿ. ಲಗವೂಲಿನ್‌ನಲ್ಲಿ ಅದೇ ಹೊಗೆ ದಪ್ಪ, ಎಣ್ಣೆಯುಕ್ತ. ಕಪ್ಪು ಚಹಾ, ಒಣದ್ರಾಕ್ಷಿ, ಡಾಂಬರು. ಬಟ್ಟಿಯ ಪಾತ್ರೆಯ ಆಕಾರ, ನಡುಪಾಲನ್ನು ಎಲ್ಲಿ ನಿಲ್ಲಿಸುತ್ತಾರೆ ಅನ್ನುವುದು, ಪೀಪಾಯಿ, ವರ್ಷ, ಎಲ್ಲ ಸೇರಿ ಒಂದೇ ಮಾಲ್ಟನ್ನು ಎರಡು ಬೇರೆ ವಿಸ್ಕಿ ಮಾಡಿವೆ. ಪಿಪಿಎಂ ಅಂಕಿಯ ಬಗ್ಗೆ ನಾನು ಮೇಲೆ ಹೇಳಿದ್ದು ಈ ಎರಡು ಗ್ಲಾಸಿನ ಮುಂದೆ ಕೂತರೆ ಪೂರ್ತಿ ಅರ್ಥವಾಗುತ್ತದೆ.

ಅದಾದ ಮೇಲೆ ಲಫ್ರೋಯ್ಗ್ 10 ಮತ್ತು ಆರ್ಡ್‌ಬೆಗ್ 10. ಎರಡೂ 1815ರಲ್ಲಿ ಶುರುವಾದವು, ಐಲಾದ ದಕ್ಷಿಣ ದಡದಲ್ಲಿ ಕೆಲವೇ ಮೈಲಿ ಅಂತರ, ನಡುವೆ ಲಗವೂಲಿನ್. ಲಫ್ರೋಯ್ಗ್ ಔಷಧಿಯ ಕಡೆ, ಆರ್ಡ್‌ಬೆಗ್ ಮಸಿ ಮತ್ತು ನಿಂಬೆಯ ಕಡೆ. ಆರ್ಡ್‌ಬೆಗ್‌ಗೆ ಅಂಕಿ ಜಾಸ್ತಿ ಇದ್ದರೂ ಹೆಚ್ಚು ಸಿಹಿ ಅನಿಸುವುದು ಅದೇ. ಅಲ್ಲಿ ಎರಡನೇ ಸಲ ಬಟ್ಟಿ ಇಳಿಸುವ ಪಾತ್ರೆಗೆ ಒಂದು ಶುದ್ಧೀಕರಿಸುವ ಕೊಳವೆ ಜೋಡಿಸಿದ್ದಾರೆ. ಭಾರದ ಆವಿ ಅದರಲ್ಲಿ ತಣಿದು ಮತ್ತೆ ಪಾತ್ರೆಗೇ ಹಿಂದಿರುಗುತ್ತದೆ, ಹಗುರಾದದ್ದು ಮುಂದೆ ಹೋಗುತ್ತದೆ.

ಆಕ್ಟೋಮೋರ್ ಕೊನೆಗೆ ಇರಲಿ. ಅದು ಒಳ್ಳೆಯ ವಿಸ್ಕಿ, ಆದರೆ ಅದರಿಂದ ಶುರು ಮಾಡಿದವರಿಗೆ ಹೊಗೆಯ ಬಗೆಗಳು ಬಿಡಿಸಿ ಸಿಗುವುದು ಕಷ್ಟ.

ಪೀಪಾಯಿಯ ಪ್ರಭಾವ ನೋಡಬೇಕೆಂದರೆ ಆರ್ಡ್‌ಬೆಗ್ 10 ಪಕ್ಕದಲ್ಲಿ ಅದೇ ಡಿಸ್ಟಿಲರಿಯ ಊಗದಾಲ್ ಇಡಿ. ಮೊದಲನೆಯದು ಬರ್ಬನ್ ಎಂಬ ಅಮೆರಿಕದ ವಿಸ್ಕಿ ಇಟ್ಟಿದ್ದ ಪೀಪಾಯಿಯದ್ದು, ವೆನಿಲ್ಲಾ ಬರುತ್ತದೆ. ಎರಡನೆಯದರಲ್ಲಿ ಶೆರಿ ಎಂಬ ಸ್ಪೇನಿನ ವೈನಿನ ಪೀಪಾಯಿಯ ಪಾಲೂ ಇದೆ. ಒಣಹಣ್ಣಿನ ಸಿಹಿ ಸೇರಿದಾಗ ಹೊಗೆ ಹುರಿದ ಮಾಂಸದ ಕಡೆ ವಾಲುತ್ತದೆ. ಈ ಜೋಡಿ ಕೆಲವರಿಗೆ ತುಂಬಾ ಇಷ್ಟ. ನನಗೆ ಬರ್ಬನ್ ಪೀಪಾಯಿಯದ್ದೇ ಜಾಸ್ತಿ ಇಷ್ಟ, ಅದರಲ್ಲಿ ಹೊಗೆ ಮರೆಯಿಲ್ಲದೆ ಕಾಣುತ್ತದೆ.

ಮುಗಿದ ಮೇಲೆ ಮಾಡಬೇಕಾದ್ದು

ಖಾಲಿ ಗ್ಲಾಸನ್ನು ತಕ್ಷಣ ತೊಳೆಯಬೇಡಿ. ಆಲ್ಕೋಹಾಲ್ ಆರಿಹೋದ ಮೇಲೆ ತಳದಲ್ಲಿ ಭಾರದ ಫೀನಾಲ್‌ಗಳು ಉಳಿದಿರುತ್ತವೆ. ಅರ್ಧ ಗಂಟೆ ಬಿಟ್ಟು ಒಮ್ಮೆ, ಮಾರನೆಯ ಬೆಳಿಗ್ಗೆ ಇನ್ನೊಮ್ಮೆ ಮೂಸಿ. ಘಾಟು ಅಡ್ಡ ಬರದೇ ಇರುವುದರಿಂದ ಬೂದಿಯೋ, ಮಣ್ಣೋ, ಔಷಧಿಯೋ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ರಾತ್ರಿ ಬರೆದ ಟಿಪ್ಪಣಿಯ ಪಕ್ಕದಲ್ಲಿ ಇದನ್ನೂ ಸೇರಿಸಿ.

ತೆರೆದ ಬಾಟಲಿಯನ್ನು ನಿಲ್ಲಿಸಿಯೇ ಇಡಿ, ಬಿಸಿಲು ಬೀಳದ ಕಡೆ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಾಟಲಿ ಅರ್ಧಕ್ಕಿಂತ ಕೆಳಗೆ ಇಳಿದ ಮೇಲೆ ಒಳಗಿನ ಗಾಳಿ ಜಾಸ್ತಿಯಾಗಿ, ತಿಂಗಳು ಕಳೆದಂತೆ ಹೊಗೆಯ ಚೂಪು ಮೊಂಡಾಗುತ್ತದೆ. ಬೇಗ ಮುಗಿಸುವ ಅಂದಾಜಿಲ್ಲದಿದ್ದರೆ ಚೆನ್ನಾಗಿ ತೊಳೆದು ಒಣಗಿಸಿದ ಸಣ್ಣ ಗಾಜಿನ ಬಾಟಲಿಗೆ ಕುತ್ತಿಗೆವರೆಗೂ ತುಂಬಿ, ಬಿಗಿಯಾಗಿ ಮುಚ್ಚಿ, ಹೆಸರು ಮತ್ತು ತೆರೆದ ತಾರೀಕು ಬರೆದ ಚೀಟಿ ಅಂಟಿಸಿಡಿ. ಒಮ್ಮೆ ಲಫ್ರೋಯ್ಗ್ ಹಾಕಿದ ಬಾಟಲಿಯನ್ನು ಪೀಟ್ ಇಲ್ಲದ ವಿಸ್ಕಿಗೆ ಮತ್ತೆ ಬಳಸಬೇಡಿ, ಎಷ್ಟು ತೊಳೆದರೂ ಮುಚ್ಚಳದಲ್ಲಿ ಆ ವಾಸನೆ ಕೂತಿರುತ್ತದೆ.